ಅಜ್ಜೀಪುರದ ಏರಿಗೆ ಎಷ್ಟು ಆಂಪಿಯರ್

ಅಜ್ಜೀಪುರ
12 ಜೂನ್ 2024

ಅಪ್ಪನವರಿಗೆ,

ಯಶೋದ ಬರೆಯುತ್ತಿರುವುದು. ಈ ಪತ್ರ ಬಿಚ್ಚುವ ಮೊದಲು ನೀವು ಜೊತೆಗಿರುವ ಡಬ್ಬಿಯನ್ನೇ ಬಿಚ್ಚಿರುತ್ತೀರಿ. ಸುಟ್ಟ ಬೋರ್ಡಿನ ವಾಸನೆ ಹಿಡಿದು ಅರ್ಧ ವಿಷಯ ತಿಳಿದುಕೊಂಡಿರುತ್ತೀರಿ. ಉಳಿದರ್ಧ ನಾನು ಬರೆಯುತ್ತೇನೆ.

ನಾಲ್ಕು ವರ್ಷದಿಂದ ನಮ್ಮಿಬ್ಬರ ನಡುವೆ ಮಾತಿಲ್ಲ. ಅಮ್ಮ ಮಾತ್ರ ನೀವು ಅಂಗಡಿಗೆ ಹೋದ ಹೊತ್ತು ನೋಡಿ ಫೋನ್ ಮಾಡುತ್ತಾಳೆ. ಅದು ನಿಮಗೆ ಗೊತ್ತಿಲ್ಲವೆಂದು ಅವಳು ನಂಬಿದ್ದಾಳೆ, ಗೊತ್ತಿದೆಯೆಂದು ನಾನು ನಂಬಿದ್ದೇನೆ. ನಿಮ್ಮ ಕಿವಿ ಎರಡೂ ಹೋದವೆಂದು ಅವಳೇ ಹೇಳಿದ್ದು. "ಫೋನ್ ಮಾಡುದ್ರೆ ಏನೂ ಕೇಳ್ಸಲ್ಲ ಕಣವ್ವ, ಕಾಗ್ದ ಬರಿ, ಓದ್ತರೆ" ಎಂದಳು. ಕೇಳಿ ಅಳು ಬಂತು. ರೇಡಿಯೋದೊಳಗಿನ ಸಣ್ಣ ಗೊರಗೊರ ಕೇಳಿಯೇ ಯಾವ ಕೆಪಾಸಿಟರ್ ಹೋಗಿದೆಯೆಂದು ಹೇಳುತ್ತಿದ್ದವರು ನೀವು.

ವಿಷಯ ಇದು. ನಮ್ಮ ಮನೆಯವರ ಮೂರು ಚಕ್ರದ ಗಾಡಿಗೆ ನಾನು ಮೋಟಾರ್ ಕೂಡಿಸಿದ್ದೇನೆ. ನೀವು ನೋಡಿದ್ದ, ಕೈಯಲ್ಲಿ ತಿರುಗಿಸುವ ಗಾಡಿಯಲ್ಲ, ಹೊಸದು, ನಲವತ್ತೆಂಟು ವೋಲ್ಟಿನ ಬ್ಯಾಟರಿ. ಅದರ ಮೇಲೆ ಕೂತು ಅವರು ಸುತ್ತಿನ ಊರುಗಳಿಗೆ ಹೋಗಿ ಮಿಕ್ಸಿ, ಕುಕ್ಕರ್ ರಿಪೇರಿ ಮಾಡುತ್ತಾರೆ. ಮೋಟಾರಿಗೆ ಕರೆಂಟ್ ಬಿಡುವ ಈ ಬೋರ್ಡ್ ಮೂರು ಸಲ ಸುಟ್ಟಿದೆ. ಮೂರು ಸಲವೂ ಮೇಲಿನ ದೊಡ್ಡಿ ಊರುಗಳಿಂದ ಇಳಿದು ಬಂದು, ಊರ ರಸ್ತೆಯಲ್ಲಿ ನಿಲ್ಲಿಸಿ ಮತ್ತೆ ಹೊರಡುವಾಗ. ಟ್ರಾನ್ಸಿಸ್ಟರುಗಳ ಶಕ್ತಿ ಸಾಲದೆಂದು ಎರಡಿದ್ದ ಕಡೆ ನಾಲ್ಕು ಜೋಡಿಸಿದೆ. ಮೊದಲಿಗಿಂತ ಬೇಗ ಸುಟ್ಟಿತು. ನನಗೆ ತಲೆಬುಡ ತಿಳಿಯುತ್ತಿಲ್ಲ.

ಈ ಬೋರ್ಡ್ ಕೈಕೊಟ್ಟರೆ ಗಾಡಿ ಸುಮ್ಮನೆ ನಿಲ್ಲುವುದಿಲ್ಲ ಅಪ್ಪ. ಒಳಗೆ ಟ್ರಾನ್ಸಿಸ್ಟರ್ ಶಾರ್ಟ್ ಆಗಿ ಚಕ್ರ ಬಿಗಿದುಬಿಡುತ್ತದೆ. ಆಗಬಾರದ ಜಾಗದಲ್ಲಿ ಆಗುವ ಮೊದಲು ಇದಕ್ಕೊಂದು ದಾರಿ ಆಗಬೇಕು. ಇಲ್ಲವಾದರೆ ಅವರು ಹಳೆಯ ಗಾಡಿಗೆ, ಇಲ್ಲ ಮನೆಯ ಜಗಲಿಗೆ ವಾಪಸು ಹೋಗಬೇಕಾಗುತ್ತದೆ. ಅದನ್ನು ನಾನು ನೋಡಲಾರೆ.

ದಾರಿ ಎಂಥದು, ಭಾರವೆಷ್ಟು ಎಂದು ನೀವು ಕೇಳಿದರೆ ಬರೆಯುತ್ತೇನೆ. ಕೇಳದೆ ಅವರ ಸುದ್ದಿಯನ್ನು ನಿಮ್ಮ ಮುಂದಿಡುವುದಿಲ್ಲ.

ಡಬ್ಬಿಯನ್ನು ಕೊಳ್ಳೇಗಾಲದಲ್ಲಿ ಮೋಟಾರ್ ವೈಂಡಿಂಗ್ ಮಾಡುವ ರುದ್ರಸ್ವಾಮಿಯಣ್ಣನಿಗೆ ಮುಟ್ಟಿಸುತ್ತಿದ್ದೇನೆ. ಅವರು ಯಳಂದೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಾರೆ.

ನಿಮ್ಮ ಮಗಳು
ಯಶೋದ


ಯಳಂದೂರು
19 ಜೂನ್ 2024

ಯಶೋದ,

ಡಬ್ಬಿ ಬಂತು. ಬೆಸುಗೆ ನೋಡಿದೆ. ಹತ್ತು ವರ್ಷದವಳಿದ್ದಾಗ ಹಾಕುತ್ತಿದ್ದಂತೆ ಈಗಲೂ ತವರ ಜಾಸ್ತಿ ಹಾಕುತ್ತೀಯ. ಮಿಕ್ಕಂತೆ ಕೆಲಸ ಚೊಕ್ಕವಾಗಿದೆ.

ತಪ್ಪು ಟ್ರಾನ್ಸಿಸ್ಟರಿನದಲ್ಲ, ಅದನ್ನು ಎಬ್ಬಿಸುವ ಗೇಟ್ ಡ್ರೈವರ್ ಐಸಿಯದು. ಟ್ರಾನ್ಸಿಸ್ಟರಿನ ಗೇಟು ಒಂದು ಕೊಡ ಇದ್ದ ಹಾಗೆ. ಅದು ತುಂಬಿದರೆ ಟ್ರಾನ್ಸಿಸ್ಟರ್ ಪೂರ್ತಿ ತೆರೆಯುತ್ತದೆ, ಖಾಲಿಯಾದರೆ ಪೂರ್ತಿ ಮುಚ್ಚುತ್ತದೆ. ಈ ಎರಡರಲ್ಲೂ ಅದಕ್ಕೆ ಕಷ್ಟವಿಲ್ಲ. ಅರ್ಧ ತೆರೆದು ಅರ್ಧ ಮುಚ್ಚಿಕೊಂಡು ನಿಂತ ಹೊತ್ತಿನಲ್ಲಿ ಮಾತ್ರ ಮೈಯೆಲ್ಲ ಕಾಯುತ್ತದೆ. ಇದು ಸೆಕೆಂಡಿಗೆ ಹದಿನಾರು ಸಾವಿರ ಸಲ ನಡೆಯುತ್ತದೆ. ನೀನು ಎರಡು ಕೊಡದ ಜಾಗದಲ್ಲಿ ನಾಲ್ಕಿಟ್ಟೆ, ನಲ್ಲಿ ಮಾತ್ರ ಅದೇ ಸಣ್ಣದು, ಅರ್ಧ ಆಂಪಿಯರಿನದು. ತುಂಬುವುದೂ ತಡವಾಯಿತು, ಖಾಲಿಯಾಗುವುದೂ ತಡವಾಯಿತು. ಅದಕ್ಕೇ ಬೇಗ ಸುಟ್ಟಿತು.

ಹಳೆಯ ಯುಪಿಎಸ್ ಬೋರ್ಡಿನಿಂದ ಬಿಚ್ಚಿಟ್ಟಿದ್ದ ಎರಡು ಆಂಪಿಯರಿನ ಮೂರು ಐಸಿಗಳು ನನ್ನ ಡಬ್ಬಿಯಲ್ಲಿದ್ದವು. ಮೂರನ್ನೂ ಕೂರಿಸಿದ್ದೇನೆ. ಸುಟ್ಟ ಟ್ರಾನ್ಸಿಸ್ಟರುಗಳನ್ನು ಬದಲಾಯಿಸಿದ್ದೇನೆ.

ಬ್ಯಾಟರಿಯಿಂದ ನೇರ ಕೊಡದೆ, ನಡುವೆ ಎರಡು ಲಾರಿ ಬಲ್ಬ್ ಸೇರಿಸಿ ಚಾಲೂ ಮಾಡಿದೆ. ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯಬೇಕು, ನಿನಗೆ ಹೇಳಿಕೊಟ್ಟದ್ದೇ. ಬಲ್ಬ್ ಮಿಣುಕಿ ಆರಿತು. ಬೆಂಚಿನ ಮೇಲಿನ ಚಕ್ರ ನಯವಾಗಿ ತಿರುಗಿತು. ನನ್ನ ಬಲ್ಬ್ ಪಾಸು ಮಾಡಿದ ಬೋರ್ಡ್ ವಾಪಸು ಬಂದ ನೆನಪಿಲ್ಲ. ಗಿರಾಕಿಗೆ ಹಾಗೆಂದು ತಿಳಿಸು.

ಬೇರೆ ಕೇಳುವುದೇನೂ ಇಲ್ಲ.

ಕೆಂಪನಂಜಪ್ಪ


ಅಜ್ಜೀಪುರ
9 ಜುಲೈ 2024

ಅಪ್ಪನವರಿಗೆ,

ಬೋರ್ಡ್ ಕೂಡಿಸಿದೆ. ಎರಡು ವಾರದಿಂದ ಗಾಡಿ ಓಡುತ್ತಿದೆ. ಸದ್ಯಕ್ಕೆ ಊರೊಳಗೆ ಮತ್ತು ಹನೂರಿನ ರಸ್ತೆಯಲ್ಲಿ ಮಾತ್ರ ಸಾಕೆಂದು ತಡೆದಿದ್ದೇನೆ. ಅವರಿಗೆ ಇದು ಒಪ್ಪಿಗೆಯಿಲ್ಲ.

ನಿಮ್ಮ ಬೆಸುಗೆಯನ್ನು ಅವರು ಭೂತಗನ್ನಡಿ ಹಿಡಿದು ನೋಡಿದರು. "ಮಾವ್ನೋರ ಕೈ ಅಂಗೇ ಅದೆ" ಎಂದರು. ನಿಮಗೆ ನೆನಪಿದೆಯೋ ಇಲ್ಲವೋ, ಅವರು ಮಿಕ್ಸಿ ಆರ್ಮೇಚರ್ ಕೊಳ್ಳಲು ಯಳಂದೂರಿಗೆ ಬರುತ್ತಿದ್ದ ದಿನಗಳಲ್ಲಿ ನೀವು ಎದ್ದು ನಿಂತು ನಿಮ್ಮ ಸ್ಟೂಲನ್ನೇ ಕೊಡುತ್ತಿದ್ದಿರಿ. ಬೇರೆ ಯಾವ ಗಿರಾಕಿಗೂ ಕೊಟ್ಟದ್ದನ್ನು ನಾನು ಕಂಡಿಲ್ಲ. ಅವರು ನನ್ನನ್ನು ಕೇಳಿಕೊಂಡು ಬಂದ ದಿನದಿಂದ ಆ ಸ್ಟೂಲೂ ಇಲ್ಲ, ಮಾತೂ ಇಲ್ಲ. ಅಂಗಡಿಗೆ ಬಂದಾಗ ಒಳ್ಳೆಯವರಾಗಿದ್ದ ಮನುಷ್ಯ ಮನೆಗೆ ಬಂದಾಗ ಪೋಲಿಯೋ ಕಾಲಿನವರಾದರು.

ಇದನ್ನು ಬರೆಯಬಾರದೆಂದಿದ್ದೆ. ಬರೆದದ್ದಾಯಿತು, ಹೊಡೆದು ಹಾಕುವುದಿಲ್ಲ.

"ಬೇರೆ ಕೇಳುವುದೇನೂ ಇಲ್ಲ" ಎಂದು ಬರೆದಿದ್ದೀರಿ. ಅದನ್ನು ಎರಡು ಸಲ ಓದಿದೆ. ಸರಿ, ನಾನೂ ಹೇಳುವುದೇನಿಲ್ಲ. ಅಮ್ಮನ ಮಂಡಿಗೆ ಎಣ್ಣೆ ಕಳಿಸಿದ್ದೇನೆ, ಬಿಸಿ ಮಾಡಿ ಹಚ್ಚಬೇಕು.

ಯಶೋದ


ಅಜ್ಜೀಪುರ
26 ಜುಲೈ 2024

ಅಪ್ಪನವರಿಗೆ,

ಬೋರ್ಡ್ ವಾಪಸು ಕಳಿಸುತ್ತಿದ್ದೇನೆ.

ಮಂಗಳವಾರ ಅವರು ನನ್ನ ಮಾತು ಮೀರಿ ಗುಡ್ಡದ ಮೇಲಿನ ದೊಡ್ಡಿಗೆ ಹೋದರು. ನಾಲ್ಕು ವಾರ ತಡೆದಿದ್ದೆ, ಇನ್ನೆಷ್ಟು ತಡೆಯಲಿ. ಏರಿನ ನಡುವೆ ದೇವರ ಹರಕೆಗೆ ಬೆಟ್ಟಕ್ಕೆ ನಡೆದು ಹೋಗುವವರ ಗುಂಪು ಬಂತೆಂದು ನಿಲ್ಲಿಸಿದ್ದಾರೆ. ಮತ್ತೆ ಎತ್ತುವಾಗ ಪಟ್ ಎಂದಿದೆ. ಚಕ್ರ ಬಿಗಿದು, ಗಾಡಿ ಪಕ್ಕಕ್ಕೆ ಮಗುಚಿತು. ಬಲಗೈ ಮಣಿಕಟ್ಟು ಮುರಿದಿದೆ. ನಡೆದು ಹೋಗುತ್ತಿದ್ದವರೇ ಎತ್ತಿಕೊಂಡು ಕೆಳಗೆ ತಂದರು. ಕೊಳ್ಳೇಗಾಲದಲ್ಲಿ ಪ್ಲಾಸ್ಟರ್ ಹಿಟ್ಟು ಹಾಕಿದ್ದಾರೆ, ಆರು ವಾರ ಇರಬೇಕಂತೆ.

ಅವರಿಗೆ ಇರುವುದೇ ಆ ಎರಡು ಕೈ ಅಪ್ಪ. ಊರುಗೋಲು ಹಿಡಿಯುವುದಕ್ಕೂ ಅದೇ ಕೈ, ಅನ್ನ ದುಡಿಯುವುದಕ್ಕೂ ಅದೇ ಕೈ. ಆರು ವಾರ ಅವರು ಮಂಚದಿಂದ ಬಾಗಿಲಿಗೆ ಬರುವುದಕ್ಕೂ ನನ್ನ ಹೆಗಲು ಬೇಕು. ನಾಚಿಕೆಯಾಗಿ ಮುಖ ಆಚೆ ತಿರುಗಿಸುತ್ತಾರೆ.

ನಿಮ್ಮ ಬಲ್ಬ್ ಪಾಸು ಮಾಡಿತ್ತು.

ಯಶೋದ


ಯಳಂದೂರು
20 ಆಗಸ್ಟ್ 2024

ಯಶೋದ,

ತಡವಾಯಿತು. ಬರೆದು ಹರಿದದ್ದು ಎಷ್ಟೋ. ನಿನ್ನ ಅಮ್ಮ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಕಿವಿ ಕೇಳದವನೊಡನೆ ಮಾತು ಬಿಟ್ಟದ್ದು ಅವನಿಗೆ ಹೇಗೆ ಗೊತ್ತಾಯಿತು ಎನ್ನಬೇಡ. ತಟ್ಟೆ ಇಡುವ ರೀತಿಯಲ್ಲೇ ಗೊತ್ತಾಗುತ್ತದೆ.

ಮೊದಲು ಬಲ್ಬಿನ ಮಾತು. ನಡುವೆ ಬಲ್ಬ್ ಇದ್ದಾಗ ಅದು ಹೆಚ್ಚು ಕರೆಂಟನ್ನು ಮುಂದಕ್ಕೆ ಬಿಡುವುದಿಲ್ಲ. ಅದಿದ್ದಷ್ಟು ಹೊತ್ತು ಎಂಥ ಬಡ ಬೋರ್ಡೂ ಸುಡುವುದಿಲ್ಲ. ಹಾಗಾಗಿ ಬಲ್ಬ್ ಪಾಸು ಮಾಡುವುದು ನನ್ನ ಬೆಸುಗೆಯನ್ನು, ಗಾಡಿಯನ್ನಲ್ಲ. ಬೆಂಚಿನ ಮೇಲಿನ ಖಾಲಿ ಚಕ್ರಕ್ಕೆ ಮೂರು ಆಂಪಿಯರ್ ಸಾಕು. ಏರಿನಲ್ಲಿ ನಿಂತ ಗಾಡಿಯನ್ನು ಎತ್ತಲು ತೊಂಬತ್ತು ಬೇಕಾಗುತ್ತದೆ. ಮೂರು ಆಂಪಿಯರಿನಲ್ಲಿ ಟ್ರಾನ್ಸಿಸ್ಟರ್ ತಡವಾಗಿ ಮುಚ್ಚಿದರೂ ನಡೆಯುತ್ತದೆ, ತೊಂಬತ್ತರಲ್ಲಿ ನಡೆಯುವುದಿಲ್ಲ. ಎರಡು ಆಂಪಿಯರಿನ ಡ್ರೈವರ್ ಆ ಜಾಗಕ್ಕೆ ತಕ್ಕದ್ದಾಗಿರಲಿಲ್ಲ.

ಇದು ನನಗೆ ತಿಳಿಯದ್ದಲ್ಲ. ನಲವತ್ತು ವರ್ಷದಿಂದ ಯಾವ ಬೋರ್ಡ್ ಬಂದರೂ ನಾನು ಮೊದಲು ಕೇಳುವುದು ಲೋಡ್ ಎಷ್ಟು ಎಂದು. ಗಿರಣಿಯವರನ್ನು ಕೇಳಿದ್ದೇನೆ, ಮೈಕ್‌ಸೆಟ್ಟಿನವರನ್ನು ಕೇಳಿದ್ದೇನೆ, ಟೇಬಲ್ ಫ್ಯಾನ್ ತಂದ ಮುದುಕಿಯನ್ನೂ ಕೇಳಿದ್ದೇನೆ. ನಿನ್ನನ್ನು ಕೇಳಲಿಲ್ಲ. ಕೇಳಿದರೆ ನೀನು ಬರೆಯುತ್ತಿದ್ದೆ. ಆ ಮನುಷ್ಯ ಎಷ್ಟು ತೂಗುತ್ತಾನೆ, ಎಲ್ಲಿಗೆ ಹೋಗುತ್ತಾನೆ, ದಿನವೆಲ್ಲ ಏನು ಮಾಡುತ್ತಾನೆ, ಎಲ್ಲವನ್ನೂ ನಾನು ತಿಳಿಯಬೇಕಾಗುತ್ತಿತ್ತು. ತಿಳಿಯುವುದು ನನಗೆ ಬೇಡವಾಗಿತ್ತು. ನಿನ್ನ ಮೊದಲ ಪತ್ರದಲ್ಲೇ "ಇಳಿದು ಬಂದು" ಎಂದಿತ್ತು. ಇಳಿದವನು ಹತ್ತಿರಲೇಬೇಕೆಂದು ನನಗೆ ಆಗಲೇ ಹೊಳೆಯಿತು. ಹೊಳೆದದ್ದನ್ನು ಬದಿಗೆ ಸರಿಸಿ, ಡಬ್ಬಿಯಲ್ಲಿ ಕೈಗೆ ಸಿಕ್ಕಿದ ಐಸಿ ಹಾಕಿ, ಬಲ್ಬ್ ಹಚ್ಚಿ, ಕೈ ತೊಳೆದುಕೊಂಡೆ.

ಇನ್ನೊಂದು ಮಾತು. ಅವತ್ತು ನಾನು ಬೇಡವೆಂದದ್ದು ಅವನ ಮೇಲಿನ ಅಸಹ್ಯದಿಂದಲ್ಲ. ಮನೆಯ ಭಾರವೆಲ್ಲ ನಿನ್ನ ಮೇಲೆ ಬೀಳುತ್ತದೆಂದು ಹೆದರಿದ್ದೆ. ಹೆದರಿದೆನೆಂದು ಹೇಳಲು ನಾಚಿಕೆಯಾಗಿ ಕೂಗಾಡಿದೆ. ಈಗ ನೋಡಿದರೆ ನಿನ್ನ ಹೆಗಲ ಮೇಲೆ ಅವನ ಭಾರ ಹಾಕಿದವನು ನಾನೇ.

ಈಗ ಕೇಳುತ್ತಿದ್ದೇನೆ. ತೂಕ ಎಷ್ಟು, ಕಾಲಿಗೆ ಕಟ್ಟುವ ಕಬ್ಬಿಣದ ಕ್ಯಾಲಿಪರ್ ಸೇರಿಸಿಯೋ, ಬಿಟ್ಟೋ? ಸಾಮಾನಿನ ತೂಕವೆಷ್ಟು, ಹಿಂದೆ ಯಾರಾದರೂ ಕೂರುತ್ತಾರೆಯೇ? ಏರು ಎಷ್ಟು ಉದ್ದ, ಎಷ್ಟು ಕಡಿದು, ನಡುವೆ ಎಲ್ಲಿ ನಿಲ್ಲಬೇಕಾಗುತ್ತದೆ? ದಿನಕ್ಕೆ ಎಷ್ಟು ಸಲ? ಉತ್ತರ ನಿನ್ನಿಂದ ಬೇಡ. ಗಾಡಿ ಓಡಿಸುವವರಿಂದಲೇ ಬೇಕು, ಅವರಿಗೆ ಮನಸ್ಸಿದ್ದರೆ.

ನಿನ್ನ ಅಪ್ಪ
ಕೆಂಪನಂಜಪ್ಪ


ಅಜ್ಜೀಪುರ
29 ಆಗಸ್ಟ್ 2024

(ಅಪ್ಪ, ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ. ಒಂದಕ್ಷರ ತಿದ್ದಕೂಡದೆಂದು ಹೇಳಿದ್ದಾರೆ. - ಯಶೋದ)

ಮಾವ, ನಮಸ್ಕಾರ. ಮಾದಸ್ವಾಮಿ ಮಾತಾಡ್ತಿರದು.

ನಿಮ್ಮ ಕಾಗ್ದ ಓದ್ಸಿ ಕೇಳ್ದಿ. ಒಂದೊಂದಾಗಿ ಯೋಳ್ತೀನಿ. ನಾನು ಬರೀ ಮೈ ಐವತ್ತೆಂಟು ಕೇಜಿ. ಕ್ಯಾಲಿಪರ್ ಕಟ್ಕಂಡ್ರೆ ಅರವತ್ತೂವರೆ. ರೇಷನ್ ಅಂಗ್ಡಿ ತಕ್ಡೀಲಿ ಎರಡ್ ತರದಲ್ಲೂ ತೂಗ್ಸ್ಕಂಡಿ, ಅಲ್ಲಿದ್ದೋರೆಲ್ಲ ಅಕ್ಕಿಗೆ ಬದ್ಲು ಇವನ್ನೇ ಕೊಡ್ತರ ಅಂತ ನಗಾಡುದ್ರು. ಕ್ಯಾಲಿಪರ್ ಇಲ್ದೆ ನಾನು ಗಾಡಿ ಅತ್ತಲ್ಲ, ಅದ್ಕೆ ಅದ್ನೂ ಸೇರ್ಸ್ಕಳಿ. ಟೂಲಿನ ಪೆಟ್ಗೆ ಇಪ್ಪತ್ತೆರಡು. ಕೆಟ್ಟೋಗಿರೋ ಗ್ರೈಂಡ್ರು ಮಿಕ್ಸಿ ತಕಂಡ್ರೆ ಇನ್ನೊಂದ್ ಮೂವತ್ತು. ವಾರಕ್ಕೊಂದ್ಸಲ ಯಶೋದ ಇಂದ್ಗಡೆ ಕೂತ್ಕತಳೆ. ಅವಳ ತೂಕ ಬರಿಯಾಕೆ ಒಪ್ತಿಲ್ಲ. ನೀವೇ ಅರವತ್ತು ಅಂತ ಇಟ್ಕಳಿ, ಕಮ್ಮಿ ಆದ್ರೆ ನಾನು ಒಣೆ ಅಲ್ಲ.

ಏರು ಅರ್ಧ ಕಿಲೋಮೀಟ್ರು ಅದೆ. ಸೈಕಲ್ನೋರು ಇಳ್ದು ತಳ್ತರೆ. ಮುಕ್ಕಾಲ್ ಭಾಗ ಅತ್ತುದ್ ಮೇಲೆ ಒಂದು ತಿರುವು. ಅಲ್ಲಿ ಬೆಟ್ಟಕ್ಕೆ ನಡ್ಯೋರು, ದನ, ಯಾವ್ದಾರ ಅಡ್ಡ ಬಂದೇ ಬತ್ತವೆ. ನಿಲ್ಸ್ಲೇಬೇಕು, ನಿಂತಲ್ಲಿಂದ್ಲೇ ಎತ್ಲೂಬೇಕು. ನಾನು ಬಿದ್ದದ್ದು ಅಲ್ಲೇಯ.

ಆ ದೊಡ್ಡಿಗೆ ಯಾಕ್ ಓಗ್ಬೇಕು, ಬಿಟ್ಬುಡಿ ಅಂತಳೆ ಯಶೋದ. ನಲವತ್ ಮನೆ ಅವೆ ಮಾವ, ಬಸ್ಸಿಲ್ಲ. ಒಂದ್ ಕುಕ್ಕರ್ ಗ್ಯಾಸ್ಕೆಟ್ಗೆ ಅವ್ರು ಇಳ್ದು ಬಂದು ಅತ್ತಬೇಕು. ನಾನು ಚಿಕ್ಕೋನಲ್ಲಿ ಎಲ್ಲಿಗ್ ಓಗ್ಬೇಕು ಅಂದ್ರೂ ಯಾರಾರ ಎತ್ಕಂಡ್ ಓಗ್ಬೇಕಾಗಿತ್ತು. ಈಗ ಅವ್ರು ನನ್ ಗಾಡಿ ಸದ್ದು ಕೇಳಿ ಈಚೆಗ್ ಬಂದು ಕಾಯ್ತರೆ. ನಂಗೆ ಅದು ಬೋ ದೊಡ್ಡದು.

ನಿಮ್ ಮೇಲೆ ಕೋಪ ಇಲ್ಲ. ಏರು ಅದೆ ಅಂತ ನಾನೇ ಒಂದ್ ಮಾತು ಬರ್ಸ್ಬೋದಿತ್ತು. ಅವರಾಗೇ ಕೇಳ್ಲಿ ಅಂತ ನಾನೂ ಬಿಗುಮಾನ ಮಾಡ್ದಿ. ಯಶೋದನೂ ಮಾಡುದ್ಲು. ಮೂರ್ ಜನ ಸೇರಿ ಸುಟ್ಟದ್ದು ಅನ್ಕಳಿ.

ಮಾದಸ್ವಾಮಿ


ಯಳಂದೂರು
18 ಸೆಪ್ಟೆಂಬರ್ 2024

ಯಶೋದ, ಮಾದಸ್ವಾಮಿ ಇಬ್ಬರಿಗೂ,

ಮಾದಸ್ವಾಮಿಯವರ ಪತ್ರವನ್ನು ಯಶೋದಳ ಅಮ್ಮ ರಾಚಮ್ಮ ನನಗಿಂತ ಮೊದಲೇ ಓದಿದಳು. ಅವತ್ತು ರಾತ್ರಿ ಊಟದ ತಟ್ಟೆ ಸದ್ದಿಲ್ಲದೆ ಬಂತೆಂದು ತೋರುತ್ತದೆ, ಸಾರು ತುಳುಕಿರಲಿಲ್ಲ.

ಈಗ ಸರಿಯಾದ ಲೆಕ್ಕ ಹಾಕಿದ್ದೇನೆ. ಮೂವತ್ತು ವರ್ಷ ನಾನು ಇಂಥ ಲೆಕ್ಕ ಹಾಕಿರಲಿಲ್ಲ, ಕೈ ಅಂದಾಜೇ ಸಾಕಾಗುತ್ತಿತ್ತು. ಮನುಷ್ಯರಿಬ್ಬರು, ಸಾಮಾನು, ಗಾಡಿ, ಬ್ಯಾಟರಿ ಎಲ್ಲ ಸೇರಿ ಇನ್ನೂರೈವತ್ತು ಕೇಜಿ. ಆ ತಿರುವಿನಲ್ಲಿ ನಿಂತಲ್ಲಿಂದ ಎತ್ತಬೇಕು. ಗೇಟ್ ಎಷ್ಟು ಬೇಗ ತುಂಬಬೇಕೋ ಅದಕ್ಕೆ ನಾಲ್ಕು ಆಂಪಿಯರಿನ ಡ್ರೈವರ್ ಸಾಕೆಂದು ಲೆಕ್ಕ ಹೇಳುತ್ತದೆ. ನಾನು ಒಂಬತ್ತರದ್ದು ಆರಿಸಿದ್ದೇನೆ. ಬಿಸಿಲು, ಹಳೆಯ ಬ್ಯಾಟರಿ, ಮಗಳ ಗುಟ್ಟಿನ ತೂಕ, ಎಲ್ಲಕ್ಕೂ ಸ್ವಲ್ಪ ಜಾಗ ಇರಲಿ.

ಬಲ ಹೆಚ್ಚಾದರೆ ಬೇರೆ ಕಾಟ. ಒಂದೇ ಏಟಿಗೆ ತುಂಬಿದರೆ ಗೇಟಿನಲ್ಲಿ ವೋಲ್ಟೇಜು ಜಿಗಿದಾಡುತ್ತದೆ. ಅದಕ್ಕೆ ಪ್ರತಿ ಟ್ರಾನ್ಸಿಸ್ಟರಿನ ಗೇಟಿಗೂ ಬೇರೆ ಬೇರೆ ಸಣ್ಣ ರೆಸಿಸ್ಟರ್ ಕೊಟ್ಟಿದ್ದೇನೆ. ಯಶೋದ ನಾಲ್ಕಕ್ಕೂ ಸೇರಿಸಿ ಒಂದೇ ಹಾಕಿದ್ದಳು, ಅದು ಸರಿಯಲ್ಲ. ಮುಚ್ಚುವಾಗ ತೆರೆಯುವುದಕ್ಕಿಂತ ಬೇಗ ಮುಚ್ಚುವಂತೆ ಪಕ್ಕದಲ್ಲಿ ಡಯೋಡ್ ಇಟ್ಟಿದ್ದೇನೆ. ಐಸಿಯನ್ನು ಟ್ರಾನ್ಸಿಸ್ಟರಿಗೆ ಅಂಟಿದ ಹಾಗೆ ಹತ್ತಿರ ಕೂರಿಸಿದ್ದೇನೆ.

ಐಸಿ ಸಿಕ್ಕಿದ್ದೇ ಒಂದು ಕಥೆ. ಮೊದಲು ಯಾರೋ ವ್ಯಾಪಾರಿಯಿಂದ ತರಿಸಿದ್ದೆ. ಮೈಮೇಲೆ ಒಂಬತ್ತರ ನಂಬರು ಚೆನ್ನಾಗಿ ಹೊಳೆಯುತ್ತಿತ್ತು. ಈ ಸಲ ಮೇಲಿನ ಬರಹ ನಂಬಲಿಲ್ಲ. ಒಂದು ಕೆಪಾಸಿಟರ್ ಕಟ್ಟಿ, ಎಷ್ಟು ಹೊತ್ತಿಗೆ ತುಂಬಿಸುತ್ತದೆಂದು ಹಳೆಯ ಆಸಿಲೋಸ್ಕೋಪಿನಲ್ಲಿ ನೋಡಿದೆ. ಮೂರರಲ್ಲಿ ಎರಡು ಸಣ್ಣ ಐಸಿಗಳು, ಮೈ ಉಜ್ಜಿ ಹೊಸ ನಂಬರು ಬರೆಸಿಕೊಂಡು ಬಂದವು. ಮತ್ತೆ ಬೇರೆ ಕಡೆ ಹೇಳಿ, ಕೊರಿಯರಿನಲ್ಲಿ ಕೊಳ್ಳೇಗಾಲಕ್ಕೆ ತರಿಸಿ, ಒಂದೊಂದನ್ನೂ ಅಳೆದು ನೋಡಿದ ಮೇಲೆಯೇ ಬೋರ್ಡಿಗೆ ಕೂರಿಸಿದ್ದು. ಕಿವಿ ಹೋದರೂ ಆಸಿಲೋಸ್ಕೋಪಿನ ಗೆರೆ ನೋಡಲು ಕಣ್ಣು ಉಳಿದಿದೆ.

ಇನ್ನೊಂದು ಸೇರಿಸಿದ್ದೇನೆ. ಯಾವ ಕಾರಣಕ್ಕೇ ಬೋರ್ಡ್ ಸತ್ತರೂ ಮೋಟಾರಿನ ತಂತಿ ತಾನೇ ಕಳಚಿಕೊಳ್ಳುವಂತೆ ಕಾಂಟ್ಯಾಕ್ಟರ್ ಇಟ್ಟಿದ್ದೇನೆ. ಚಕ್ರ ಇನ್ನು ಬಿಗಿಯುವುದಿಲ್ಲ. ಹ್ಯಾಂಡ್ ಬ್ರೇಕ್ ಮಾತ್ರ ಚೆನ್ನಾಗಿರಬೇಕು, ಯಶೋದ ನೋಡಿಕೊಳ್ಳಲಿ.

ಬೋರ್ಡನ್ನು ಈ ಸಲ ಕಂಡಕ್ಟರ್ ಕೈಗೆ ಕೊಡುವುದಿಲ್ಲ. ನಾನೇ ತರುತ್ತೇನೆ. ನನ್ನ ತೂಕ ಎಪ್ಪತ್ತೊಂದು, ಹಿಂದಿನ ಸೀಟಿಗೆ ಸರಿಹೋಗುತ್ತದೆ. ನೀವು ಬೇಡವೆಂದರೆ ಕೊಳ್ಳೇಗಾಲದಲ್ಲೇ ರುದ್ರಸ್ವಾಮಿಗೆ ಕೊಟ್ಟು ಹಿಂದಿರುಗುತ್ತೇನೆ.

ಕೆಂಪನಂಜಪ್ಪ


ಅಜ್ಜೀಪುರ
24 ಸೆಪ್ಟೆಂಬರ್ 2024

ಅಪ್ಪ,

ಬೇಡವೆನ್ನುವವರು ಈ ಮನೆಯಲ್ಲಿ ಯಾರಿದ್ದಾರೆ. ಅಮಾವಾಸ್ಯೆಗೆ ಬೆಟ್ಟದ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದು ಕಳೆದ ಮೇಲೆ ಶನಿವಾರ, ಐದನೇ ತಾರೀಖು ಬನ್ನಿ. ಕೊಳ್ಳೇಗಾಲದಲ್ಲಿ ಬಸ್ ಬದಲಾಯಿಸುವಾಗ ರುದ್ರಸ್ವಾಮಿಯಣ್ಣ ಕೂರಿಸುತ್ತಾರೆ. ಕಂಡಕ್ಟರ್ ಕೂಗಿದ್ದು ನಿಮಗೆ ಕೇಳುವುದಿಲ್ಲ, ಅಜ್ಜೀಪುರ ಎಂದು ಒಂದು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಡಿ.

ಹಿಟ್ಟು ಬಿಚ್ಚಿದ್ದಾರೆ. ಕೈ ಸ್ವಲ್ಪ ಸಣ್ಣಗಾಗಿದೆ, ಬಟ್ಟೆ ಹಿಂಡುವುದನ್ನು ದಿನಾ ವ್ಯಾಯಾಮವೆಂದು ಮಾಡುತ್ತಿದ್ದಾರೆ. ನೀವು ಬರುವ ದಿನ ಏನು ಅಡಿಗೆ ಎಂದು ನನ್ನನ್ನು ಮೂರು ಸಲ ಕೇಳಿದರು. ಹೊರಗೆ ಧೈರ್ಯ, ಒಳಗೆ ನಡುಕ.

ಅಮ್ಮನನ್ನೂ ಕರೆದೆ. "ಮೊದ್ಲು ನಿಮ್ಮಪ್ಪ ಓಗಿ ಬರ್ಲಿ" ಎಂದಳು. ನೀವು ಕರೆದರೂ ಬರುವಂತೆ ಕಾಣಲಿಲ್ಲ. ನಮ್ಮ ಮದುವೆಗೆ ಬರದಂತೆ ನೀವು ತಡೆದದ್ದನ್ನು ಅವಳು ಇನ್ನೂ ಮರೆತಿಲ್ಲ ಅಪ್ಪ. ನಿಮಗೆ ಹೇಳಿಲ್ಲ, ಅಷ್ಟೆ.

ಯಶೋದ


ಅಜ್ಜೀಪುರ
7 ಅಕ್ಟೋಬರ್ 2024

ರಾಚಮ್ಮನಿಗೆ,

ನಲವತ್ತೊಂದು ವರ್ಷದ ಸಂಸಾರದಲ್ಲಿ ನಿನಗೆ ಬರೆಯುತ್ತಿರುವ ಮೊದಲನೇ ಪತ್ರ. ಫೋನಿನಲ್ಲಿ ಮಗಳು ಎಲ್ಲವನ್ನೂ ಹೇಳಿರುತ್ತಾಳೆ. ಆದರೆ ಏರಿನ ಮೇಲೆ ಅವಳಿರಲಿಲ್ಲ. ಅಲ್ಲಿ ಇದ್ದವರು ನಾವಿಬ್ಬರೇ.

ಶನಿವಾರ ಬೋರ್ಡ್ ಕೂಡಿಸಿದೆವು. ನಾನು ಬೆಸುಗೆ ಹಾಕುವಾಗ ಮಾದಸ್ವಾಮಿ ತಂತಿ ಹಿಡಿದುಕೊಂಡ. ಕೂರಲು ಒಂದೇ ಸ್ಟೂಲ್ ಇತ್ತು. ಅವನು ಅದನ್ನು ನನ್ನ ಕಡೆ ತಳ್ಳಿದ, ನಾನು ಅವನ ಕಡೆ ತಳ್ಳಿದೆ, ಕೊನೆಗೆ ಇಬ್ಬರೂ ನೆಲದ ಮೇಲೆ ಕೂತೆವು. ಯಶೋದ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಅವಳು ನಕ್ಕದ್ದು ಕೇಳಲಿಲ್ಲವೆಂದು ಮೊದಲನೇ ಸಲ ನನ್ನ ಕಿವಿಯ ಮೇಲೆ ಸಿಟ್ಟು ಬಂತು.

ನಿನ್ನೆ ಬೆಳಿಗ್ಗೆ ಏರಿಗೆ ಹೊರಟೆವು. ಪೂರ್ತಿ ಸಾಮಾನು ಹೇರಿಸಿದೆ. ಹಿಂದೆ ನಾನು ಕೂತೆ. ಆ ಏರನ್ನು ಕಣ್ಣಾರೆ ನೋಡಿದೆ ರಾಚಮ್ಮ. ಇಂಥ ಏರಿಗೆ ನಾನು ಡಬ್ಬಿಯಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕಿ ಕಳಿಸಿದ್ದೆ.

ಗಾಡಿ ಹತ್ತಿತು. ನನಗೆ ಮೋಟಾರಿನ ಸದ್ದು ಕೇಳುವುದಿಲ್ಲವಲ್ಲ, ಸೀಟಿನ ಕೆಳಗೆ ಬೋರ್ಡಿನ ಪೆಟ್ಟಿಗೆಯ ಮೇಲೆ ಒಂದು ಅಂಗೈ ಇಟ್ಟುಕೊಂಡೇ ಕೂತಿದ್ದೆ. ಅವನು ಬಿದ್ದ ತಿರುವು ಬಂತು. ನಾನು ಅವನ ಬೆನ್ನು ತಟ್ಟಿ ನಿಲ್ಲಿಸು ಎಂದೆ. ನಿಲ್ಲಿಸಿದ, ಬ್ರೇಕ್ ಎಳೆದ. ಅಲ್ಲಿಂದ ಎತ್ತುವುದೇ ನಿಜವಾದ ಪರೀಕ್ಷೆ. ಅವನು ನನ್ನ ಕಡೆ ತಿರುಗಿ, ಇಳಿದು ಪಕ್ಕಕ್ಕೆ ನಿಂತುಕೊಳ್ಳಿ ಎಂದು ಕೈಸನ್ನೆ ಮಾಡಿದ. ನಾನು ತಲೆಯಾಡಿಸಿದೆ. ಮತ್ತೆ ಸನ್ನೆ ಮಾಡಿದ, ನನ್ನ ಮಂಡಿ ಹಿಡಿದು ಇಳಿಸಲು ನೋಡಿದ. ಈಗ ತಾನೇ ಕೂಡಿಕೊಂಡ ಕೈ ಅದು.

"ನೀನೊಬ್ನೇ ಬಿದ್ದದ್ದು ಸಾಕು ಕಣಪ್ಪ. ಎತ್ತು ಗಾಡೀನ" ಎಂದೆ.

ಎಷ್ಟು ಜೋರಾಗಿ ಅಂದೆನೋ ನನಗೆ ಗೊತ್ತಿಲ್ಲ. ಅವನು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದ, ಆಮೇಲೆ ಮುಂದಕ್ಕೆ ತಿರುಗಿದ. ನಾನು ಎರಡೂ ಕೈಯಿಂದ ಅವನ ಸೊಂಟ ಹಿಡಿದುಕೊಂಡೆ. ಬ್ರೇಕ್ ಬಿಟ್ಟ. ಗಾಡಿ ಒಂದು ಗೇಣು ಹಿಂದೆ ಬಂದ ಹಾಗಾಗಿ, ಹಿಡಿದುಕೊಂಡು, ಎತ್ತಿಕೊಂಡು ಹೋಯಿತು. ನಿಲ್ಲಿಸಿ ಇನ್ನೆರಡು ಸಲ ಎತ್ತಿಸಿದೆ. ಮೇಲೆ ಹೋಗಿ ಪೆಟ್ಟಿಗೆ ಮುಟ್ಟಿದರೆ, ಆಗ ತಾನೇ ಮೈಯಿಂದ ಬಿಚ್ಚಿಟ್ಟ ಅಂಗಿಯಷ್ಟು ಬೆಚ್ಚಗಿತ್ತು. ಅಷ್ಟೆ.

ದೊಡ್ಡಿಯ ಹೆಂಗಸರು ಮಿಕ್ಸಿ ಕಂಕುಳಲ್ಲಿ ಇಟ್ಟುಕೊಂಡು ಬಂದರು. ಎರಡು ತಿಂಗಳಿನಿಂದ ಕಾಯುತ್ತಿದ್ದರಂತೆ. ಒಬ್ಬ ಮುದುಕಿ ನನ್ನನ್ನು ತೋರಿಸಿ ಅವನನ್ನು ಏನೋ ಕೇಳಿದಳು. ಅವನು ಹೇಳಿದ. ಕಿವಿಗೆ ಬೀಳದಿದ್ದರೂ ತುಟಿ ನೋಡಿದರೆ ತಿಳಿಯುವ ಮಾತು ಅದು, ಮಾವ ಎಂದು. ಅವಳು ಒಳಗೆ ಹೋಗಿ ನನಗೆಂದು ಮಜ್ಜಿಗೆ ತಂದಳು. ಬಂದ ಹತ್ತು ಮಿಕ್ಸಿಯಲ್ಲಿ ನಾಲ್ಕನ್ನು ನಾನು ಬಿಚ್ಚಿದೆ, ಆರನ್ನು ಅವನು ಬಿಚ್ಚಿದ. ಅವನ ಕೈ ನನಗಿಂತ ಚುರುಕು. ಮನೆಯ ಭಾರ ಹೊರಲಾರನೆಂದು ಹೆದರಿದ್ದೆನಲ್ಲ, ಅವನು ಒಂದು ದೊಡ್ಡಿಯ ಭಾರವನ್ನೇ ಹೊತ್ತಿದ್ದಾನೆ. ನಾಲ್ಕು ವರ್ಷ ಸುಮ್ಮನೆ ಹಾಳಾಯಿತು ರಾಚಮ್ಮ. ನಿನ್ನ ನಾಲ್ಕು ವರ್ಷವನ್ನೂ ಸೇರಿಸಿ ನಾನೇ ಹಾಳು ಮಾಡಿದೆ.

ಶುಕ್ರವಾರ ಆಯುಧಪೂಜೆ. ಗಾಡಿಗೂ ಟೂಲ್ ಪೆಟ್ಟಿಗೆಗೂ ಪೂಜೆ ಇಟ್ಟುಕೊಂಡಿದ್ದಾರೆ, ನನ್ನನ್ನು ಬಿಡುವುದಿಲ್ಲ ಎನ್ನುತ್ತಿದ್ದಾರೆ. ನೀನು ಗುರುವಾರ ಬೆಳಗಿನ ಬಸ್ಸಿಗೆ ಬಾ. ಅಳಿಯ ಗಾಡಿ ತಂದು ನಿಲ್ದಾಣದಲ್ಲಿ ಕಾಯುತ್ತಾನೆ.

ಬೀರುವಿನ ತಳದಲ್ಲಿ, ಹಳೆಯ ಕಂಬಳಿಯ ಕೆಳಗೆ ಒಂದು ರೇಷ್ಮೆ ಸೀರೆ ಇದೆ. ಇವರ ಮದುವೆಗೆ ಉಡಬೇಕೆಂದು ನನಗೆ ಹೇಳದೆ ಕೊಳ್ಳೇಗಾಲದಲ್ಲಿ ತೆಗೆದದ್ದು. ಅಂಗಡಿಯವರು ಮಡಿಸಿಕೊಟ್ಟ ಮಡಿಕೆಯನ್ನೂ ನೀನು ಬಿಚ್ಚಿಲ್ಲ. ನನಗೆ ಮೊದಲಿನಿಂದ ಗೊತ್ತಿತ್ತು, ಕಂಡಾಗಲೆಲ್ಲ ಕಾಣದವನ ಹಾಗೆ ಬೀರು ಮುಚ್ಚುತ್ತಿದ್ದೆ. ಗುರುವಾರ ಅದನ್ನು ಉಟ್ಟುಕೊಂಡು ಬಾ.

ಕೆಂಪನಂಜಪ್ಪ